ಮೀಟಿದ ತಂತಿ, ಎಳೆದ ತಂತಿ

ಚೀನಾ, ಜಪಾನ್, ಕೊರಿಯಾಗಳ ತಂತಿವಾದ್ಯಗಳನ್ನು ಪಿಟೀಲು, ವಿಯೋಲಾ, ಚೆಲ್ಲೊಗಳ ಪಕ್ಕದಲ್ಲಿ ಕೂರಿಸಿ ನಡೆಸುವ ಚೇಂಬರ್ ಕಛೇರಿಗಳ ಕಾರ್ಯಕ್ರಮಪಟ್ಟಿಯಲ್ಲಿ ಚಂದ್ರನಿಲ್ಲದ ಸಂಜೆ ಅಪರೂಪ. ಚಂದ್ರ ತಪ್ಪಿದರೆ ವಸಂತ, ವಸಂತ ತಪ್ಪಿದರೆ ಹರಿಯುವ ನೀರು, ಅದೂ ಇಲ್ಲವಾದರೆ ಬಿದಿರು, ಕೊಕ್ಕರೆ, ನಿರ್ಜನ ಬೆಟ್ಟ. ಎರಡು ದೂರದ ನಾಡುಗಳ ವಾದ್ಯಗಳು ಎದುರುಬದುರಾದಾಗ ಮಾತು ಶುರುಮಾಡಲು ಸಿಗುವ ಸುರಕ್ಷಿತ ವಿಷಯ ಪ್ರಕೃತಿ. ಚಂದ್ರನ ಬಗ್ಗೆ ವಾದಕರಿಗೂ ತಕರಾರಿಲ್ಲ, ಟಿಕೆಟ್ ಕೊಂಡವರಿಗೂ ಇಲ್ಲ, ಹಣ ಕೊಡುವ ಪ್ರತಿಷ್ಠಾನಗಳಿಗಂತೂ ಇಲ್ಲವೇ ಇಲ್ಲ.

ತೊಂಬತ್ತು ವರ್ಷಕ್ಕೂ ಮೀರಿ ನಡೆದುಬಂದ ಈ ಪರಂಪರೆಯಲ್ಲಿ ಮತ್ತೆ ಮತ್ತೆ ಕೇಳಬೇಕೆನಿಸುವಂಥದ್ದು ಎಷ್ಟಿದೆ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿಲ್ಲ. ಇರುವಷ್ಟರಲ್ಲಿ ಒಂದು ಸಾಮಾನ್ಯ ಲಕ್ಷಣವಿದೆ. ಅಲ್ಲಿ ಯಾರೋ ಒಬ್ಬರು ತಮ್ಮದೇನನ್ನೋ ಬಿಟ್ಟುಕೊಟ್ಟಿರುತ್ತಾರೆ; ಇಲ್ಲವೇ ನಾವು ಬೆರೆಯುವವರಲ್ಲ ಎಂದು ಇಬ್ಬರೂ ಒಪ್ಪಿಕೊಂಡಿರುತ್ತಾರೆ. ಸಲೀಸಾಗಿ, ಸಿಹಿಯಾಗಿ ಬೆರೆತುಹೋದ ಕೃತಿಗಳೇ ಬೇಗ ಹಳಸಿವೆ.

ಇದಕ್ಕೆ ಕಾರಣ ತತ್ತ್ವಜ್ಞಾನದಲ್ಲಿಲ್ಲ, ತಂತಿಯಲ್ಲಿದೆ. ಪೂರ್ವ ಏಷ್ಯಾದ ದೊಡ್ಡ ತಂತಿವಾದ್ಯಗಳಲ್ಲಿ ಬಹುಪಾಲು ಮೀಟುವಂಥವು. ಚೀನಾದ ಗುಚಿನ್, ಪಿಪಾ, ಜಪಾನಿನ ಕೋಟೊ, ಬಿವಾ, ಕೊರಿಯಾದ ಗಯಾಗಮ್ ಎಲ್ಲವೂ ಆ ಸಾಲಿನವು. ಮೀಟಿದ ಕ್ಷಣದಿಂದಲೇ ನಾದ ಸಾಯಲು ತೊಡಗುತ್ತದೆ, ವಾದಕನ ಕಲೆಯೆಲ್ಲ ಆ ಸಾಯುವ ಹೊತ್ತಿನಲ್ಲಿ ಏನು ಮಾಡುತ್ತಾನೆ ಎಂಬುದರಲ್ಲಿರುತ್ತದೆ. ಪಿಟೀಲು ಬಳಗದ್ದು ಇದಕ್ಕೆ ತದ್ವಿರುದ್ಧ ಸ್ವಭಾವ. ಕಮಾನು ಎಳೆಯುತ್ತಿರುವಷ್ಟು ಹೊತ್ತೂ ನಾದ ನಿಲ್ಲುವುದಿಲ್ಲ, ಬೇಕಿದ್ದರೆ ಏರುತ್ತದೆ. ಇವೆರಡನ್ನೂ ಒಟ್ಟಿಗೆ ನುಡಿಸಲು ಹೊರಟ ಸಂಯೋಜಕನ ಕೈ ತಾನಾಗಿಯೇ ಒಂದು ಕೆಲಸ ಮಾಡುತ್ತದೆ: ಕೋಟೊ ಬಿಟ್ಟ ಖಾಲಿ ಜಾಗವನ್ನು ಪಿಟೀಲಿನಿಂದ ತುಂಬಿಸುತ್ತದೆ. ಕಿವಿಗೆ ಹಿತವಾಗುತ್ತದೆ, ನಿಜ. ಆದರೆ ಕೋಟೊವಿನ ಜೀವವಿದ್ದದ್ದು ಆ ಖಾಲಿ ಜಾಗದಲ್ಲೇ.

ಇದನ್ನು ಅರಿಯಬೇಕಾದರೆ ಗುಚಿನ್ ಕೇಳಬೇಕು. ಏಳು ತಂತಿ, ಮೆಟ್ಟಿಲುಗಳಿಲ್ಲ, ಬೆರಳಿಗೆ ಗುರುತಾಗಿ ಹಲಗೆಯ ಅಂಚಿನಲ್ಲಿ ಹದಿಮೂರು ಚುಕ್ಕಿಗಳು. ನಾದ ಎಷ್ಟು ಸಣ್ಣದೆಂದರೆ ಕೋಣೆಯಾಚೆ ಕೇಳಿಸದು. ಬಲಗೈ ಮೀಟಿದ ಮೇಲೆ ಎಡಗೈಯ ಹೆಬ್ಬೆರಳು ತಂತಿಯ ಮೇಲೆ ಜಾರುತ್ತಾ ಹೋಗುತ್ತದೆ. ಸ್ವರ ಅಡಗಿದ ಬಳಿಕವೂ ಜಾರುತ್ತಲೇ ಇರುತ್ತದೆ. ಕಡೆಗೆ ಕೇಳಿಸುವುದು ಬೆರಳು ತಂತಿಗೆ ಉಜ್ಜುವ ಸದ್ದು ಮಾತ್ರ. ವೀಣೆ ಕೇಳಿ ಬೆಳೆದ ಕಿವಿಗೆ ಇದು ತೀರ ಹೊಸತೇನಲ್ಲ. ಮೀಟು ಒಂದೇ, ಆಮೇಲಿನ ಜಾರು, ಎಳೆತ, ಒತ್ತುಗಳಲ್ಲಿ ರಾಗ ಮುಂದುವರಿಯುವುದನ್ನು ನಾವು ಬಲ್ಲೆವು. ಗುಚಿನ್ ವಾದಕರು ಮಾತ್ರ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದು, ಸ್ವರವೇ ಇಲ್ಲದ ಸದ್ದನ್ನೂ ಸಂಗೀತದ ಲೆಕ್ಕಕ್ಕೆ ಹಿಡಿದಿದ್ದಾರೆ.

ಗುಚಿನ್ ಪರಂಪರೆಯ ಪ್ರಸಿದ್ಧ ಕೃತಿ 'ಲಿಯೂ ಶುಯಿ', ಅಂದರೆ ಹರಿಯುವ ನೀರು. ಬೋಯಾ ಎಂಬ ವಾದಕ ನುಡಿಸುತ್ತಾ ಬೆಟ್ಟವನ್ನು ನೆನೆದರೆ ಬೆಟ್ಟವನ್ನೂ ನದಿಯನ್ನು ನೆನೆದರೆ ನದಿಯನ್ನೂ ಗುರುತಿಸುತ್ತಿದ್ದ ಗೆಳೆಯ ಝೋಂಗ್ ಝೀಚಿ ತೀರಿಕೊಂಡಾಗ, ಇನ್ನು ಕೇಳುವವರಿಲ್ಲವೆಂದು ಆತ ವಾದ್ಯವನ್ನೇ ಒಡೆದುಹಾಕಿದ ಐತಿಹ್ಯಕ್ಕೆ ಈ ಕೃತಿ ಅಂಟಿಕೊಂಡಿದೆ. 19ನೇ ಶತಮಾನದಲ್ಲಿ ಸಿಚುವಾನಿನ ಝಾಂಗ್ ಕೋಂಗ್‌ಶಾನ್ ಇದಕ್ಕೆ ತಂತಿಗಳ ಮೇಲೆ ಬೆರಳು ಉರುಳಿಸುವ ದೀರ್ಘ ಭಾಗವೊಂದನ್ನು ಸೇರಿಸಿದ. ಗುವಾನ್ ಪಿಂಗ್‌ಹು ನುಡಿಸಿದ ಆವೃತ್ತಿಯನ್ನು 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದರು. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಕೂಡ ಇದ್ದಾರೆ. ಆ ಧ್ವನಿಮುದ್ರಣದಲ್ಲಿ ನೀರಿನ ಚಿತ್ರವಿಲ್ಲ. ಬೆರಳು ತಂತಿಯ ಮೇಲೆ ಉರುಳುವ ಕ್ರಿಯೆಯೇ ನೀರಿನ ಕ್ರಿಯೆ. ಕೃತಿಯ ಹೆಸರು ಗೊತ್ತಿಲ್ಲದವನಿಗೂ ಒಂದು ವಸ್ತು ಇನ್ನೊಂದರ ಮೇಲೆ ಹರಿಯುವುದು ಕೇಳಿಸುತ್ತದೆ. ಮುಂದಿನದ್ದನ್ನೆಲ್ಲ ಅಳೆಯಲು ನಾನು ಇಟ್ಟುಕೊಂಡಿರುವ ಅಳತೆಗೋಲು ಇದು.

ಇನ್ನು ಜಪಾನಿಗೆ. ಮಿಯಾಗಿ ಮಿಚಿಯೊ 1894ರಲ್ಲಿ ಕೋಬೆಯಲ್ಲಿ ಹುಟ್ಟಿ, ಎಂಟರ ಆಸುಪಾಸಿನಲ್ಲಿ ಕಣ್ಣು ಕಳೆದುಕೊಂಡು ಕೋಟೊ ಕಲಿತವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮಾಡಿದ ಮೊದಲ ಕೃತಿಯೇ ನೀರಿನ ರೂಪಾಂತರಗಳನ್ನು ಕುರಿತದ್ದು: ಮಂಜು, ಮೋಡ, ಮಳೆ, ಆಲಿಕಲ್ಲು, ಇಬ್ಬನಿ. ತಗ್ಗಿನ ಸ್ವರಗಳಿಗಾಗಿ 1921ರಲ್ಲಿ ಹದಿನೇಳು ತಂತಿಯ ಕೋಟೊ ಮಾಡಿಸಿದರು. ಅಲ್ಲಿಗೆ ನಿಲ್ಲದೆ ಎಂಬತ್ತು ತಂತಿಯದ್ದಕ್ಕೂ ಕೈಹಾಕಿದರು. 1929ರಲ್ಲಿ ಕೋಟೊ ಮತ್ತು ಶಾಕುಹಾಚಿ ಕೊಳಲಿಗೆಂದು ಬರೆದ 'ಹಾರು ನೊ ಉಮಿ', ಅಂದರೆ ವಸಂತದ ಕಡಲು, ಅವರನ್ನು ಮನೆಮಾತಾಗಿಸಿತು. ಮರುವರ್ಷದ ಅರಮನೆಯ ಕಾವ್ಯಗೋಷ್ಠಿಗೆ ಕೊಟ್ಟಿದ್ದ ವಿಷಯ ಕಡಲತೀರದ ಬಂಡೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಸೆಟೊ ಒಳಗಡಲಿನಲ್ಲಿ ಹಡಗಿನಲ್ಲಿ ಹೋದಾಗಿನ ಅನುಭವವನ್ನು ಅವರು ಸ್ವರಕ್ಕೆ ತಂದರು. ಕಣ್ಣಿಲ್ಲದವರು ಕೇಳಿದ ಕಡಲು ಅದು: ಅಲೆ, ಹುಟ್ಟು ಹಾಕುವ ಸದ್ದು, ಹಕ್ಕಿಗಳ ಕೂಗು.

1932ರಲ್ಲಿ ಜಪಾನಿಗೆ ಬಂದ ಫ್ರೆಂಚ್ ಪಿಟೀಲುವಾದಕಿ ರೆನೆ ಶೆಮೆ ಕೊಳಲಿನ ಭಾಗವನ್ನು ಪಿಟೀಲಿಗೆ ಅಳವಡಿಸಿ ಮಿಯಾಗಿಯವರ ಜೊತೆಯಲ್ಲೇ ನುಡಿಸಿದಳು. ಧ್ವನಿಮುದ್ರಿಕೆ ಜಪಾನಿನಲ್ಲಷ್ಟೇ ಅಲ್ಲದೆ ಅಮೆರಿಕ, ಫ್ರಾನ್ಸ್‌ಗಳಲ್ಲೂ ಬಿಡುಗಡೆಯಾಗಿ ಹೆಸರು ಮಾಡಿತು. ಈ ಲೇಖನದ ಪರಂಪರೆಗೆ ಆರಂಭವೆಂದು ಒಂದನ್ನು ತೋರಿಸಲೇಬೇಕಿದ್ದರೆ ನಾನು ಅದನ್ನೇ ತೋರಿಸುತ್ತೇನೆ. ಅದರ ಮುಂದಿನ ದೋಷಗಳೆಲ್ಲ ಅಲ್ಲೇ ಮೊಳೆತಿವೆ. ಶಾಕುಹಾಚಿಯಲ್ಲಿ ಸ್ವರದ ಜೊತೆಗೆ ಉಸಿರೂ ಬರುತ್ತದೆ, ಗಾಳಿ ಬಿದಿರಿಗೆ ತಾಗುವುದು ಗೊತ್ತಾಗುತ್ತದೆ. ಪಿಟೀಲಿಗೆ ಬಂದಾಗ ಉಸಿರು ಹೋಗಿ, ಕಂಪನ ತುಂಬಿದ ನುಣುಪಾದ ರಾಗ ಉಳಿಯಿತು. ಮೂಲ ಕೃತಿಯ ಕಟ್ಟಡವೂ ಇದಕ್ಕೆ ಅವಕಾಶ ಮಾಡಿಕೊಟ್ಟಿತ್ತು ಎನ್ನಬೇಕು. ನಿಧಾನದ ಮೊದಲ ಭಾಗ, ಚುರುಕಾದ ನಡುಭಾಗ, ಮತ್ತೆ ಮೊದಲಿನದ್ದೇ: ಈ ಮೂರು ಅಂಕಣದ ಮನೆ ಯುರೋಪಿನ ಅತಿಥಿಗೆ ಅಪರಿಚಿತವಲ್ಲ. ಮಿಯಾಗಿ ದಡ್ಡರಾಗಿರಲಿಲ್ಲ. ಹಳೆಯ ವಾದ್ಯವನ್ನು ಉಳಿಸಬೇಕಾದರೆ ಹೊಸ ಕಿವಿಗಳಿಗೆ ಬಾಗಿಲು ತೆರೆಯಬೇಕೆಂದು ತಿಳಿದೇ ತೆರೆದರು. ಇಂದು ಜಪಾನಿನಲ್ಲಿ ಹೊಸವರ್ಷ ಬಂತೆಂದರೆ ಅಂಗಡಿ ಅಂಗಡಿಗಳಲ್ಲಿ ಇದೇ ಕೃತಿ ಕೇಳಿಸುತ್ತದೆ.

ಅಂಗಡಿಯಲ್ಲಿ ಆ ಕಡಲು ಶಾಂತವಾಗಿದೆ. ಹೊರಗಿನ ಸೆಟೊ ಕಡಲಿನ ಕತೆ ಬೇರೆ. ಎರಡನೆಯ ಮಹಾಯುದ್ಧದ ನಂತರ ಅದರ ದಡದುದ್ದಕ್ಕೂ ಕಾರ್ಖಾನೆಗಳು ಎದ್ದವು, ನೀರು ಕೆಟ್ಟಿತು. 1972ರಲ್ಲಿ ಕೆಂಪು ಪಾಚಿ ಹಬ್ಬಿ ಲಕ್ಷಗಟ್ಟಲೆ ಸಾಕುಮೀನುಗಳು ಸತ್ತವು. ಮರುವರ್ಷ ಆ ಕಡಲಿಗಾಗಿಯೇ ಪ್ರತ್ಯೇಕ ಕಾನೂನು ತರಬೇಕಾಯಿತು. 1929ರ ಕೃತಿ 1972ರ ಕಡಲಿಗೆ ಜವಾಬ್ದಾರಿಯೇನಲ್ಲ. ಆದರೆ ಇಂದಿಗೂ ಅದನ್ನು 'ಪ್ರಕೃತಿಯ ಸಂಗೀತ' ಎಂದು ಪರಿಚಯಿಸುವ ನಿರೂಪಕರು ಯಾವ ಪ್ರಕೃತಿಯ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಕೇಳುವ ಹಕ್ಕು ನಮಗಿದೆ.

ಚೀನಾದಲ್ಲಿ ನಡೆದದ್ದು ಇನ್ನೂ ಕುತೂಹಲದ್ದು, ನಮಗೆ ಹತ್ತಿರದ್ದೂ ಹೌದು. ಲಿಯೂ ಟಿಯಾನ್‌ಹುವಾ ಹುಟ್ಟಿದ್ದು 1895ರಲ್ಲಿ. ಎರ್ಹು ಆಗ ಬೀದಿಯ, ಭಿಕ್ಷುಕರ, ನಾಟಕದ ಹಿಮ್ಮೇಳದ ವಾದ್ಯ. ಎರಡೇ ತಂತಿ, ಹೆಬ್ಬಾವಿನ ಚರ್ಮ ಬಿಗಿದ ಸಣ್ಣ ಬುರುಡೆ, ತಂತಿಗಳ ನಡುವೆಯೇ ಸಿಕ್ಕಿಕೊಂಡಿರುವ ಕಮಾನು. ಬೆರಳಿನ ಕೆಳಗೆ ಹಲಗೆಯೂ ಇಲ್ಲ. ತಂತಿಯನ್ನು ಗಾಳಿಯಲ್ಲೇ ಒತ್ತಬೇಕು. ಲಿಯೂ ತಾವೇ ಪಿಟೀಲು ಕಲಿತು, ಅದರ ಬೆರಳು ಸ್ಥಾನಗಳನ್ನೂ ಕಮಾನಿನ ವರಸೆಗಳನ್ನೂ ಎರ್ಹುವಿಗೆ ತಂದು, ಹತ್ತು ಏಕಾಂಗಿ ಕೃತಿಗಳನ್ನು ರಚಿಸಿ ಕಾಲೇಜಿನ ಪಾಠಪಟ್ಟಿಗೆ ಏರಿಸಿದರು. ಅವುಗಳಲ್ಲೊಂದು ನಿರ್ಜನ ಬೆಟ್ಟದ ಹಕ್ಕಿಗಳ ಉಲಿಯನ್ನು ಕುರಿತದ್ದು, 1928ರದ್ದು. ಬೆರಳು ಜಾರಿಸಿ ಹಕ್ಕಿ ಕೂಗಿಸುವ ಚಮತ್ಕಾರ ಅದರಲ್ಲಿ ಯಥೇಚ್ಛವಾಗಿದೆ. ಈಗಿನ ಎರ್ಹುವಿನ ಶ್ರುತಿ ಕೂಡ ಪಿಟೀಲಿನ ನಡುವಿನ ಎರಡು ತಂತಿಗಳದ್ದೇ.

ಅದೇ 1895ರಲ್ಲಿ ಹುಟ್ಟಿದವರು ನಮ್ಮ ತಿರುಮಕೂಡಲು ಚೌಡಯ್ಯನವರು. ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲೇ ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದಾಗಿತ್ತು. ಇಲ್ಲಿ ಅದನ್ನು ಭುಜದಿಂದ ಕೆಳಗಿಳಿಸಿ, ತುದಿಯನ್ನು ಪಾದಕ್ಕೆ ಆನಿಸಿ, ಷಡ್ಜ ಪಂಚಮಕ್ಕೆ ಶ್ರುತಿ ಮಾಡಿ, ಕುಳಿತು ನುಡಿಸುವ ವಾದ್ಯವನ್ನಾಗಿ ಮಾಡಿಕೊಂಡರು. ಧ್ವನಿವರ್ಧಕವಿಲ್ಲದ ಸಭೆಯ ಕೊನೆಯ ಸಾಲಿಗೂ ಕೇಳಲೆಂದು ಚೌಡಯ್ಯನವರು ತಂತಿಗಳನ್ನು ಏಳಕ್ಕೆ ಏರಿಸಿದರು. ಇಲ್ಲಿ ಬಗ್ಗಿದ್ದು ಪಿಟೀಲು. ಅಲ್ಲಿ ಬಗ್ಗಿದ್ದು ಎರ್ಹು. ಇದನ್ನು ನಮ್ಮ ಹೆಚ್ಚುಗಾರಿಕೆಯಾಗಿ ಹೇಳುತ್ತಿಲ್ಲ. ಕರ್ನಾಟಕ ಸಂಗೀತಕ್ಕೆ ಆಗ ಅರಮನೆಗಳ, ಸಭೆಗಳ ಆಸರೆ ಗಟ್ಟಿಯಾಗಿತ್ತು. 1920ರ ದಶಕದ ಪೀಕಿಂಗಿನಲ್ಲಿ ಹಳೆಯದೆಲ್ಲ ಅವಮಾನವೆಂದು ತೋರುತ್ತಿದ್ದ ಹೊತ್ತು. ಲಿಯೂ ಅವರಿಗೆ ವಾದ್ಯ ಉಳಿದರೆ ಸಾಕಾಗಿತ್ತು. ಆದರೂ ಫಲ ಬೇರೆಬೇರೆಯಾಯಿತು ಎನ್ನುವುದನ್ನು ಮರೆಮಾಚಲಾಗದು. 1950ರ ದಶಕದ ವಾದ್ಯಸುಧಾರಣೆಗಳಲ್ಲಿ ಪಿಪಾದ ರೇಷ್ಮೆ ತಂತಿಗಳು ಹೋಗಿ ಉಕ್ಕಿನವು ಬಂದವು, ಮೆಟ್ಟಿಲುಗಳು ಪಿಯಾನೊವಿನ ಸಮಪಾಲಿನ ಸ್ವರಗಳಿಗೆ ಹೊಂದಿದವು. ಇಂದಿನ ಮಿಶ್ರಕಛೇರಿಯಲ್ಲಿ ಪಿಪಾ ಚೆಲ್ಲೊ ಜೊತೆ ಸುಲಭವಾಗಿ ಹೊಂದಿಕೊಳ್ಳುತ್ತದೆಂದು ಮೆಚ್ಚುವವರು, ಆ ಹೊಂದಾಣಿಕೆಗೆ ಬೇಕಾದ ದುರಸ್ತಿ ಮೊದಲೇ ಆಗಿಹೋಗಿದೆ ಎಂಬುದನ್ನು ತಿಳಿದಿರಬೇಕು.

ಈ ಓಟಕ್ಕೆ ಎದುರು ನಿಂತವರಲ್ಲಿ ಮೊದಲ ಹೆಸರು ಜಪಾನಿನ ಸಂಯೋಜಕ ಟಾಕೆಮಿತ್ಸು ಟೋರು. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ತನ್ನ 125ನೆಯ ವರ್ಷಕ್ಕೆಂದು ಕೇಳಿಕೊಂಡಾಗ ಅವರು ಬಿವಾ, ಶಾಕುಹಾಚಿ ಮತ್ತು ವಾದ್ಯವೃಂದಕ್ಕೆ 'ನವೆಂಬರ್ ಸ್ಟೆಪ್ಸ್' ಬರೆದುಕೊಟ್ಟರು. 1967ರ ನವೆಂಬರಿನಲ್ಲಿ ಒಜಾವಾ ಸೇಜಿ ನಡೆಸಿದರು. ಬಿವಾದಲ್ಲಿ ತ್ಸುರುತಾ ಕಿನ್ಶಿ, ಶಾಕುಹಾಚಿಯಲ್ಲಿ ಯೊಕೊಯಾಮಾ ಕತ್ಸುಯಾ. ಅದು ಚೇಂಬರ್ ಕೃತಿಯಲ್ಲ, ದೊಡ್ಡ ವೃಂದದ್ದು. ಆದರೂ ಈ ಚರ್ಚೆಯಲ್ಲಿ ಅದನ್ನು ದಾಟಿ ಹೋಗುವಂತಿಲ್ಲ. ಏಕೆಂದರೆ ಟಾಕೆಮಿತ್ಸು ಇಲ್ಲಿ ಬೆರೆಸುವ ಕೆಲಸವನ್ನೇ ಕೈಬಿಟ್ಟು, ವ್ಯತ್ಯಾಸವನ್ನು ಎತ್ತಿ ತೋರಿಸಲು ಹೊರಟರು. ವೃಂದ ನುಡಿಸುವಾಗ ಇಬ್ಬರು ಏಕವಾದಕರು ಬಹುಪಾಲು ಸುಮ್ಮನಿರುತ್ತಾರೆ, ಅವರು ನುಡಿಸುವಾಗ ವೃಂದ ಸುಮ್ಮನಿರುತ್ತದೆ. ಕೊನೆಯ ಕಡೆಗೆ ಬರುವ ದೀರ್ಘ ಭಾಗದಲ್ಲಿ ಬಿವಾ ಮತ್ತು ಕೊಳಲು ಮಾತ್ರ. ಪಿಟೀಲಿನವರು ಕಮಾನು ತೊಡೆಯ ಮೇಲಿಟ್ಟು ಕೇಳುತ್ತಾ ಕೂರುತ್ತಾರೆ. ಅವರ ಆ ಕೂರುವಿಕೆ ನನಗೆ ಕೃತಿಯ ಭಾಗವಾಗಿಯೇ ಕಾಣುತ್ತದೆ.

ಬಿವಾ ನಾದದ ಬಗ್ಗೆ ಒಂದು ಮಾತು. ಸತ್ಸುಮಾ ಬಿವಾದಲ್ಲಿ ತಂತಿ ಅಗಲವಾದ ಮೆಟ್ಟಿಲಿನ ಮೇಲ್ಮೈಗೆ ತಾಗಿಯೂ ತಾಗದಂತೆ ಅದುರುತ್ತದೆ, ಸ್ವರದ ಸುತ್ತ ಝೇಂಕಾರದ ಪೊರೆಯೊಂದು ಏಳುತ್ತದೆ. ಜಪಾನೀಯರು ಇದನ್ನು ಸವಾರಿ ಎನ್ನುತ್ತಾರೆ, ಜೀರುಂಡೆಯ ಕೂಗಿಗೆ ಹೋಲಿಸುವುದೂ ಉಂಟು. ತಂಬೂರಿಯ ಕುದುರೆಯ ಮೇಲೆ ದಾರದ ಎಳೆಯಿಟ್ಟು ಜೀವಾಳಿ ಕೂಡಿಸಿದವರಿಗೆ ಈ ಸದ್ದಿನ ಹುಟ್ಟು ಬಿಡಿಸಿ ಹೇಳಬೇಕಿಲ್ಲ. ಎಳೆ ಕೂದಲಷ್ಟು ಸರಿದರೂ ನಾದ ಮಂಕಾಗುತ್ತದೆ; ಸರಿಯಾದ ಜಾಗ ಸಿಕ್ಕಿದರೆ ಒಂದು ತಂತಿಯಿಂದ ಹತ್ತು ಸ್ವರ ಏಳುತ್ತವೆ. ಯುರೋಪಿನ ವಾದ್ಯ ಮಾಡುವವರು ಶತಮಾನಗಳ ಕಾಲ ಈ ಅದುರನ್ನು ದೋಷವೆಂದು ತೆಗೆದುಹಾಕುತ್ತಾ ಬಂದರು. ಇವರು ಅದನ್ನೇ ಬೇಕೆಂದು ಕೂಡಿಸಿಕೊಂಡರು. ಪಿಟೀಲಿನ ಶುದ್ಧ ಸ್ವರದ ಪಕ್ಕದಲ್ಲಿ ಸವಾರಿ ಗಲೀಜಾಗಿ ಕೇಳಿಸುತ್ತದೆ, ಸವಾರಿಯ ಪಕ್ಕದಲ್ಲಿ ಪಿಟೀಲು ಬಡವಾಗಿ ಕೇಳಿಸುತ್ತದೆ. ಟಾಕೆಮಿತ್ಸು ಇಬ್ಬರನ್ನೂ ದೂರ ಕೂರಿಸಿದ್ದು ಈ ಕಿವಿಯ ತೀರ್ಪಿನಿಂದ. 1973ರ 'ಆಟಮ್' ಕೃತಿಯಲ್ಲಿ ಅದೇ ವಾದ್ಯಗಳನ್ನು ಮತ್ತೆ ತಂದು ತುಸು ಹತ್ತಿರ ಮಾಡಿದರು. ಶರತ್ಕಾಲ ಚೆನ್ನಾಗಿಯೇ ಇದೆ. ನವೆಂಬರಿನ ಚಳಿ ಮಾತ್ರ ಇಲ್ಲ.

ಕೊರಿಯಾದ ಇಸಾಂಗ್ ಯೂನ್ ಹಿಡಿದದ್ದು ಮೂರನೆಯ ದಾರಿ. ಬರ್ಲಿನ್ನಿನಲ್ಲಿದ್ದ ಅವರನ್ನು 1967ರಲ್ಲಿ ದಕ್ಷಿಣ ಕೊರಿಯಾದ ಗುಪ್ತಚರರು ಅಪಹರಿಸಿ ಸಿಯೋಲ್‌ಗೆ ಒಯ್ದು ಸೆರೆಯಲ್ಲಿಟ್ಟರು. ಅಂತರರಾಷ್ಟ್ರೀಯ ಒತ್ತಡ ಬಂದ ಮೇಲೆ 1969ರಲ್ಲಿ ಬಿಡುಗಡೆಯಾಯಿತು. ಮರುವರ್ಷ ಒಂಟಿ ಚೆಲ್ಲೊಗೆ ಬರೆದ 'ಗ್ಲಿಸೆ' ಕೃತಿಯಲ್ಲಿ ಕೊರಿಯಾದ ವಾದ್ಯವೇ ಇಲ್ಲ. ಚೆಲ್ಲೊ ತಾನೇ ಮೀಟಿಸಿಕೊಳ್ಳುತ್ತದೆ, ಜಾರುತ್ತದೆ, ಒಂದೇ ಸ್ವರದ ಮೇಲೆ ನಿಂತು ಅದನ್ನು ಅಲುಗಿಸಿ, ದಪ್ಪ ಮಾಡಿ, ಬಾಗಿಸುತ್ತದೆ. ಯೂನ್ ಪಾಲಿಗೆ ಸಂಗೀತದ ಘಟಕ ಸ್ವರಗಳ ಸಾಲಲ್ಲ, ಹುಟ್ಟಿ ಬೆಳೆದು ಅಡಗುವ ಒಂಟಿ ಸ್ವರ. ಚೆಲ್ಲೊವನ್ನು ಕೊರಿಯಾದ ಪಾಠಶಾಲೆಗೆ ಸೇರಿಸಿದರು ಎನ್ನಬಹುದು. ಚೌಡಯ್ಯನವರ ಊರಿನವರಿಗೆ ಈ ದಾರಿ ಅರ್ಥವಾಗಲು ತಡವಾಗದು. ಕೊರಿಯಾದವರೇ ಆದ ಹ್ವಾಂಗ್ ಬ್ಯುಂಗ್‌ಕಿ 1962ರಲ್ಲಿ ಗಯಾಗಮ್‌ಗೆ ಬರೆದ 'ಕಾಡು' ಕೃತಿಯಲ್ಲಿ ಹಸಿರು ನೆರಳು, ಕೋಗಿಲೆ, ಮಳೆ, ಬೆಳದಿಂಗಳು ಎಂದು ನಾಲ್ಕು ಭಾಗಗಳಿವೆ. ಪಿಟೀಲಿನ ಗೊಡವೆಗೇ ಹೋಗದ ಆ ಕೃತಿಯ ಮಳೆಹನಿಗಳು ಎಷ್ಟೋ ಮಿಶ್ರಮೇಳಗಳ ಮಳೆಗಿಂತ ಹೆಚ್ಚು ತೋಯಿಸುತ್ತವೆ.

ಬೆರೆಸದಿರುವುದನ್ನೇ ಒಂದು ಶಿಸ್ತಾಗಿ ಮಾಡಿಕೊಂಡವರು ಚೌ ವೆನ್-ಚುಂಗ್. ಚೀನಾದಿಂದ ಅಮೆರಿಕಕ್ಕೆ ಹೋಗಿ ಎಡ್ಗಾರ್ ವಾರೆಸ್ ಅವರ ಶಿಷ್ಯರಾಗಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, ಟಾನ್ ಡುನ್, ಚೆನ್ ಯೀ, ಝೌ ಲೋಂಗ್, ಬ್ರೈಟ್ ಶೆಂಗ್ ಮುಂತಾದ ಮುಂದಿನ ತಲೆಮಾರನ್ನೇ ಕರೆಸಿ ಬೆಳೆಸಿದರು. ಗುಚಿನ್ ಬರವಣಿಗೆಯಲ್ಲಿರುವ ಒಂದೊಂದು ಬೆರಳಿನ ಸೂಚನೆಯನ್ನೂ ಪಾಶ್ಚಾತ್ಯ ವಾದ್ಯಗಳ ಬಣ್ಣದಲ್ಲಿ ಹುಡುಕುವುದು ಅವರ ಜೀವಮಾನದ ಕೆಲಸ. ಮುಪ್ಪಿನಲ್ಲಿ ಅವರು ಪೈನ್ ಮರವನ್ನು ಹಿಡಿದುಕೊಂಡು ಸರಣಿಯೊಂದನ್ನು ಬರೆದರು. ಕೊರಿಯಾದ ವಾದ್ಯಗಳಿಗೆ ಒಂದು, ಪಾಶ್ಚಾತ್ಯ ವಾದ್ಯಗಳಿಗೆ ಇನ್ನೊಂದು, ಚೀನೀ ವಾದ್ಯಗಳಿಗೆ ಮತ್ತೊಂದು. ವಸ್ತು ಒಂದೇ ಆದರೂ ಮೂರು ಮೇಳಗಳೂ ಒಂದೇ ವೇದಿಕೆಗೆ ಬರುವುದಿಲ್ಲ. ಆಯೋಜಕರಿಗೆ ಇಂಥದ್ದನ್ನು ಮಾರುವುದು ಕಷ್ಟ. 'ಪೂರ್ವ ಪಶ್ಚಿಮಗಳ ಸಂಗಮ' ಎಂದು ಭಿತ್ತಿಪತ್ರ ಹಾಕಲು ಬರುವುದಿಲ್ಲವಲ್ಲ! ಆದರೆ ವಾದ್ಯದ ಮೇಲಿನ ಗೌರವ ಇಷ್ಟು ಕಟ್ಟುನಿಟ್ಟಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಗುರು ಹೀಗಿದ್ದರೆ ಶಿಷ್ಯ ಟಾನ್ ಡುನ್ ಪೂರಾ ಉಲ್ಟಾ. ಹುನಾನಿನ ಹಳ್ಳಿಯಲ್ಲಿ ಬೆಳೆದು, ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಭತ್ತ ನಾಟಿ ಮಾಡಿ, ಪೀಕಿಂಗ್ ಆಪೆರಾ ಮೇಳದಲ್ಲಿ ಪಿಟೀಲು ಕುಯ್ದು, ಕಡೆಗೆ ನ್ಯೂಯಾರ್ಕ್ ಸೇರಿದ ಈತನಿಗೆ ಸಂಕೋಚವೆಂಬುದು ಗೊತ್ತಿಲ್ಲ. 1994ರ 'ಘೋಸ್ಟ್ ಆಪೆರಾ' ಸ್ಟ್ರಿಂಗ್ ಕ್ವಾರ್ಟೆಟ್ ಮತ್ತು ಪಿಪಾಗೆ ಬರೆದದ್ದು. ಕ್ರೋನೋಸ್ ಕ್ವಾರ್ಟೆಟ್ ಮತ್ತು ಪಿಪಾವಾದಕಿ ವೂ ಮಾನ್ ಅವರಿಗಾಗಿ. ಹುನಾನಿನ ಊರುಗಳಲ್ಲಿ ಸತ್ತವರ ಜೊತೆ ಮಾತಾಡುವ ಆಚರಣೆಗಳು ಅದರ ಬೇರು. ಐದು ಭಾಗ, ಸುಮಾರು 35 ನಿಮಿಷ. ವೇದಿಕೆಯ ಮೇಲೆ ನೀರು ತುಂಬಿದ ಬೋಗುಣಿಗಳು, ಕಲ್ಲು, ಲೋಹದ ತಟ್ಟೆ, ತೂಗುಬಿಟ್ಟ ಕಾಗದ. ವಾದಕರು ಜಾಗ ಬದಲಿಸುತ್ತಾರೆ, ಕೂಗುತ್ತಾರೆ, ನೀರಿನಲ್ಲಿ ಕೈಯಾಡಿಸುತ್ತಾರೆ. ಬಾಖ್‌ನ ಒಂದು ಪ್ರಿಲ್ಯೂಡ್, ತಾಯಿಲ್ಲದ ಹುಡುಗಿಯ ಅಳಲಿನ ಚೀನೀ ಜನಪದ ಗೀತೆ, ಶೇಕ್ಸ್‌ಪಿಯರನ ನಾಟಕದ ತುಣುಕು, ಸನ್ಯಾಸಿಗಳ ಮಂತ್ರ ಎಲ್ಲವೂ ಒಂದೇ ಮನೆಗೆ ನುಗ್ಗುತ್ತವೆ.

ಬರೆಹದಲ್ಲಿ ಓದಿದರೆ ಗೋಜಲು ಅನಿಸುತ್ತದೆ. ಕೇಳಿದರೆ ಅಲ್ಲ. ಮೊದಲ ನಿಮಿಷಗಳಲ್ಲಿ ನೀರಿನ ಹನಿ ಬಿದ್ದು ಗುಳುಗುಳು ಎನ್ನುತ್ತಿರುವಾಗ ದೂರದಿಂದ ಬಾಖ್ ಬರುತ್ತದೆ. ಬಾಖ್ ಅಲ್ಲಿ ಯಜಮಾನನಲ್ಲ, ಸತ್ತವರಲ್ಲಿ ಒಬ್ಬ. ಪಿಪಾದ ಮೀಟಿಗೂ ನೀರಿನ ಹನಿಗೂ ಸಂಬಂಧ ತಾನಾಗಿಯೇ ಕೂಡುತ್ತದೆ, ಎರಡೂ ಬಿದ್ದ ಕೂಡಲೇ ಮುಗಿಯುವಂಥವು. ಪಿಟೀಲಿನವರು ಕಂಪನ ಬಿಟ್ಟು ಬೋಳು ಸ್ವರ ಹಿಡಿಯುತ್ತಾರೆ, ಕೆಲವೆಡೆ ಕಮಾನನ್ನು ಒತ್ತಿ ಗೊರಗೊರ ಎನಿಸುತ್ತಾರೆ. ಅಂದರೆ ಇಲ್ಲಿ ಕಮಾನಿನ ವಾದ್ಯಗಳು ತಮ್ಮ ನುಣುಪನ್ನು ಬಿಟ್ಟುಕೊಟ್ಟಿವೆ. ಕೃತಿಯ ಹೆಸರಿನಲ್ಲಿ ಪ್ರಕೃತಿಯಿಲ್ಲ, ಇರುವುದು ಪಿಶಾಚಿ. ನೀರೂ ಕಲ್ಲೂ ಕಾಗದವೂ ಚಿತ್ರಗಳಾಗದೆ ವಾದ್ಯಗಳಾಗಿವೆ. ನಾನು ಮೊದಲು ಹೇಳಿದ ಗುಚಿನ್ನಿನ ಅಳತೆಗೋಲಿಗೆ ಈ ಐದು ವಾದಕರ ಕೃತಿ ನಿಲ್ಲುತ್ತದೆ. ಎಲ್ಲ ಭಾಗಗಳೂ ಅಲ್ಲ. ಲೋಹ ಮತ್ತು ಕಲ್ಲಿನ ನಾಲ್ಕನೆಯ ಭಾಗ ನನಗೆ ಸದ್ದಿನ ಪ್ರದರ್ಶನದಂತೆ ಕೇಳಿಸುತ್ತದೆ, ಜನಪದ ಗೀತೆಯ ಮೇಲಿನ ಅವಲಂಬನೆ ಒಮ್ಮೊಮ್ಮೆ ಕಣ್ಣೀರಿಗೆ ಕೈಚಾಚಿದಂತೆ ಇದೆ. ಟಾನ್ ಡುನ್ ಮುಂದೆ ಇದೇ ನೀರು, ಕಾಗದಗಳನ್ನು ದೊಡ್ಡ ವೃಂದದ ಕೃತಿಗಳಿಗೆ ಒಯ್ದರು. ಅಲ್ಲಿ ಅವು ಕಣ್ಣಿಗೆ ಹಬ್ಬವಾದವು, ಕಿವಿಗೆ ಅಷ್ಟೇನಲ್ಲ.

ಕ್ರೋನೋಸ್ ಮತ್ತು ವೂ ಮಾನ್ ಜೋಡಿಗಾಗಿಯೇ ಟೆರಿ ರೈಲಿ ಬರೆದ 'ದಿ ಕಸ್ಪ್ ಆಫ್ ಮ್ಯಾಜಿಕ್' ಬೇಸಿಗೆಯ ಅಯನಸಂಕ್ರಾಂತಿಯನ್ನು ಹೆಸರಿನಲ್ಲೇ ಹೊತ್ತಿದೆ. ರೈಲಿ ಪಂಡಿತ್ ಪ್ರಾಣನಾಥರ ಶಿಷ್ಯ. ಪ್ರಾಣನಾಥರು ಕಿರಾಣಾ ಘರಾಣೆಯವರು. ಹೀಗಾಗಿ ಕುಂದಗೋಳದ ಸವಾಯಿ ಗಂಧರ್ವರಿಗೂ ಹುಬ್ಬಳ್ಳಿಯ ಗಂಗೂಬಾಯಿಯವರಿಗೂ ಈ ಕ್ಯಾಲಿಫೋರ್ನಿಯಾದ ಅಜ್ಜ ದೂರದ ದಾಯಾದಿ. ಆ ನಂಟು ಕೃತಿಯಲ್ಲಿ ಕೇಳಿಸುತ್ತದೆಯೇ? ನಿಧಾನದ ಭಾಗಗಳಲ್ಲಿ, ಒಂದು ಸ್ವರವನ್ನು ಬಿಡದೆ ಹಿಡಿದು ಕೂರುವಲ್ಲಿ, ಹೌದು. ಆಟಿಕೆಗಳ ಸದ್ದು ಬರುವ ಕಡೆ ಕೃತಿ ಚೆಲ್ಲಾಟವಾಗುತ್ತದೆ. ಆದರೂ ಅದರಲ್ಲಿ ಸುಳ್ಳು ಗಾಂಭೀರ್ಯವಿಲ್ಲ, ಅದು ದೊಡ್ಡ ಸಮಾಧಾನ.

ಚೆಲ್ಲೊವಾದಕ ಯೋ-ಯೋ ಮಾ 1998ರಲ್ಲಿ ಹುಟ್ಟುಹಾಕಿದ ಸಿಲ್ಕ್ ರೋಡ್ ಯೋಜನೆಯ ಬಗ್ಗೆ ಅಷ್ಟು ಉದಾರವಾಗಿ ಹೇಳಲಾರೆ. ಅವರ ಮೇಳ ಅದ್ಭುತ ವಾದಕರನ್ನು ಒಟ್ಟು ತಂದಿತು, ಸಂದೀಪ್ ದಾಸ್ ಅವರ ತಬಲವೂ ಅದರಲ್ಲಿತ್ತು. ಝಾವೋ ಜಿಪಿಂಗ್ ಬರೆದ, ಬೆಟ್ಟದ ಮೇಲಿನ ಚಂದ್ರನ ಹೆಸರಿನ ಕೃತಿಯಲ್ಲಿ ಪಿಪಾ, ಶೆಂಗ್ ಎಂಬ ಊದುವಾದ್ಯ, ಚೆಲ್ಲೊ, ತಬಲ ಒಟ್ಟಿಗಿವೆ. ಕೇಳಲು ಚೆಂದ. ಆದರೆ ಆ ಚಂದ್ರ ಎಲ್ಲ ನಾಡಿನ ಮೇಲೂ ಒಂದೇ ಬೆಳಕು ಚೆಲ್ಲುತ್ತಾನೆ: ಚೆಲ್ಲೊ ಹಾಡುತ್ತದೆ, ಪಿಪಾ ಮಿನುಗುತ್ತದೆ, ತಬಲ ನಡೆಸುತ್ತದೆ. ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ, ಹಾಗಾಗಿ ಯಾರೂ ಏನನ್ನೂ ಕಂಡುಕೊಳ್ಳುವುದೂ ಇಲ್ಲ. ಈ ಮೇಳದ ಹಿಂದೆ ಬಂದ ನೂರಾರು ಚಿಕ್ಕ ಮೇಳಗಳು ಆ ಗುಣಗಳನ್ನು ಬಿಟ್ಟು ಈ ದೋಷವನ್ನೇ ಕಲಿತವು. ಪಂಚಸ್ವರದ ರಾಗವೊಂದು, ಕೆಳಗೆ ಮೃದುವಾದ ಹಾರ್ಮನಿ, ಮೇಲೆ ಹಕ್ಕಿಯ ಕೂಗೊಂದು. ನಮ್ಮಲ್ಲಿ ಫ್ಯೂಷನ್ ಹೆಸರಿನಲ್ಲಿ ಮೋಹನ, ಹಂಸಧ್ವನಿಗಳ ಮೇಲೆ ಗಿಟಾರ್ ಬಡಿದು ಬಡಿದು ಸವೆಸಿದ್ದನ್ನು ಕಂಡವರಿಗೆ ಈ ಪಾಕ ಚಿರಪರಿಚಿತ.

ಪ್ರಕೃತಿಯ ಮಾತು ಬಂದಾಗ ಈ ಕಛೇರಿಗಳಲ್ಲಿ ಯಾರೂ ಎತ್ತದ ವಿಷಯ ವಾದ್ಯಗಳ ಮೈ. ಎರ್ಹುವಿಗೆ ಹೆಬ್ಬಾವಿನ ಚರ್ಮ. ಹೆಬ್ಬಾವುಗಳ ವ್ಯಾಪಾರ ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ನಿಯಂತ್ರಣದಲ್ಲಿದೆ, ವಾದ್ಯ ಗಡಿ ದಾಟಬೇಕಾದರೆ ಕಾಗದಪತ್ರ ಬೇಕು. ಪಿಟೀಲಿನ ಒಳ್ಳೆಯ ಕಮಾನಿಗೆ ಬ್ರೆಜಿಲ್ಲಿನ ಪೆರ್ನಾಂಬುಕೊ ಮರ. ಕಡಿದು ಕಡಿದು ಅಳಿವಿನಂಚಿಗೆ ತಂದು, 2007ರಲ್ಲಿ ಅದನ್ನೂ ಅದೇ ಒಪ್ಪಂದದ ಪಟ್ಟಿಗೆ ಸೇರಿಸಬೇಕಾಯಿತು. ಕೋಟೊವಿನ ಸರಿದಾಡುವ ಕುದುರೆಗಳನ್ನು ಹಿಂದೆ ಆನೆದಂತದಲ್ಲಿ ಮಾಡುತ್ತಿದ್ದರು. ಗುಚಿನ್, ಕೋಟೊಗಳಿಗೆ ರೇಷ್ಮೆ ತಂತಿ ಇತ್ತು, ಈಗ ಹೆಚ್ಚಿನ ಕೋಟೊಗಳಿಗೆ ಕೃತಕ ನೂಲು. 'ಕಾಡಿನ ಕರೆ' ಎಂದು ನುಡಿಸುವ ವಾದಕನ ಕೈಯಲ್ಲೇ ಕಾಡಿನ ಒಂದು ತುಂಡು ಪರವಾನಗಿ ಪತ್ರದ ಸಮೇತ ಇದೆ. ಒಬ್ಬ ಸಂಯೋಜಕ ಹಕ್ಕಿ ಕೂಗಿಸುವುದನ್ನು ಬಿಟ್ಟು ಈ ತೊಗಲು, ಮರ, ನೂಲುಗಳ ಸದ್ದನ್ನೇ ಬರೆದರೆ ಪ್ರಕೃತಿಗೆ ಹೆಚ್ಚು ಹತ್ತಿರವಾಗುತ್ತಾನೆ. ಟಾನ್ ಡುನ್ ಅರ್ಧ ದೂರ ಹೋಗಿದ್ದಾರೆ, ಉಳಿದವರು ಹೊರಟೇ ಇಲ್ಲ.

ಹಾಗಾದರೆ ನನ್ನ ಪಟ್ಟಿಯಲ್ಲಿ ನಿಲ್ಲುವುದು ಟಾಕೆಮಿತ್ಸುವಿನ ನಿರಾಕರಣೆ, ಯೂನ್‌ನ ಚೆಲ್ಲೊ, ಚೌ ಅವರ ಮೂರು ಪೈನ್ ಮರಗಳು, ಟಾನ್ ಡುನ್‌ನ ಆ ಒಂದು ಕೃತಿ. ಮಿಯಾಗಿಯವರ ಕಡಲನ್ನು ಶಾಕುಹಾಚಿಯೊಂದಿಗಿನ ಮೂಲ ರೂಪದಲ್ಲಿ ಸೇರಿಸಿಕೊಳ್ಳುತ್ತೇನೆ, ಪಿಟೀಲಿನದ್ದನ್ನು ಚರಿತ್ರೆಯ ದಾಖಲೆಯೆಂದು ಮಾತ್ರ. ಬೆಂಗಳೂರಿನ, ಮೈಸೂರಿನ ಸಭೆಗಳವರು ಯಾವತ್ತಾದರೂ ಇಂಥ ಮೇಳವನ್ನು ಕರೆಸುವುದಾದರೆ ಒಂದು ಕೋರಿಕೆ: ಮೊದಲ ಅರ್ಧ ಗಂಟೆ ಗುಚಿನ್ ಒಂದಕ್ಕೇ ಕೊಡಿ, ಸಣ್ಣ ಕೋಣೆಯಲ್ಲಿ, ಮೈಕಿಲ್ಲದೆ. ಓದುಗರಿಗೆ ಹೇಳುವುದಿಷ್ಟೆ: 'ಘೋಸ್ಟ್ ಆಪೆರಾ'ದ ಕ್ರೋನೋಸ್, ವೂ ಮಾನ್ ಧ್ವನಿಮುದ್ರಣ 1997ರಲ್ಲಿ ನಾನ್‌ಸಚ್ ಕಂಪನಿಯಿಂದ ಬಂದಿದೆ. ಅದಕ್ಕೆ ಮುಂಚೆ ಗುವಾನ್ ಪಿಂಗ್‌ಹು ಅವರ ಹರಿಯುವ ನೀರನ್ನು ಕೇಳಿ, ಆಮೇಲೆ ಅದನ್ನು ಹಾಕಿಕೊಳ್ಳಿ.